ಅಮೆರಿಕದಲ್ಲಿ ಡಿಜಿಟಲ್ ಬೀಗ ಒಡೆಯುವ ಮುನ್ನ

ಸುರತ್ಕಲ್ಲಿನ ಎನ್‌ಐಟಿಕೆಯಲ್ಲೋ ಮಣಿಪಾಲದಲ್ಲೋ ಓದಿ, ಎನ್‌ಕ್ರಿಪ್ಷನ್ (ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ವಿದ್ಯೆ) ಸಂಶೋಧನೆಗೆಂದು ಅಮೆರಿಕಕ್ಕೆ ಹೊರಟವರು ‘ನಾನೇನು ನಕಲು ಮಾಡಿ ಮಾರುತ್ತೇನೆಯೇ?’ ಎಂಬ ಧೈರ್ಯವನ್ನು ಊರಿನಲ್ಲೇ ಬಿಟ್ಟುಹೋಗುವುದು ಲೇಸು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಾಡು, ಸಿನಿಮಾ, ಪುಸ್ತಕಗಳನ್ನು ಕಾಯುವ ಡಿಜಿಟಲ್ ಬೀಗ ಮುರಿದವರನ್ನು ಹಕ್ಕು ಉಲ್ಲಂಘಿಸುವ ಉದ್ದೇಶವಿದ್ದರೆ ಮಾತ್ರ ಶಿಕ್ಷಿಸುತ್ತದೆ; ಎನ್‌ಕ್ರಿಪ್ಷನ್ ಸಂಶೋಧನೆಯನ್ನು ಹೆಸರಿಸಿಯೇ ಹೊರಗಿಟ್ಟಿದೆ. ಅಮೆರಿಕದ 1998ರ ಡಿಎಂಸಿಎ (ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಆ್ಯಕ್ಟ್) ಕಾಯ್ದೆಯ 1201ನೇ ಸೆಕ್ಷನ್ನಿನಲ್ಲಿ ಉದ್ದೇಶದ ಮಾತಿಲ್ಲ. ಕೃತಿಯನ್ನು ಕಾಯುವ ಬೀಗವನ್ನು ಮುರಿಯುವುದನ್ನೇ ಅದು ನಿಷೇಧಿಸುತ್ತದೆ, ಡಿಸ್ಕನ್ನು ನೀವೇ ಹಣ ಕೊಟ್ಟು ಕೊಂಡಿದ್ದರೂ.

ಅಲ್ಲಿಯೂ ಸಂಶೋಧಕರಿಗೆ ವಿನಾಯಿತಿ ಇದೆ, ಅದೇ ಸೆಕ್ಷನ್ನಿನ ‘ಜಿ’ ಉಪವಿಭಾಗದಲ್ಲಿ. ಪ್ರತಿಯನ್ನು ಕಾನೂನುಬದ್ಧವಾಗಿ ಪಡೆದಿರಬೇಕು. ಬೀಗ ಮುರಿಯದೆ ಸಂಶೋಧನೆ ಸಾಗದು ಎಂಬಂತಿರಬೇಕು. ಬೇರೆ ಕಾನೂನನ್ನು ಮೀರಿರಬಾರದು. ಇವೆಲ್ಲ ಸರಿ. ತೊಡಕಿರುವುದು ಇನ್ನೊಂದರಲ್ಲಿ: ಮುರಿಯುವ ಮೊದಲು ಅನುಮತಿಗಾಗಿ ಪ್ರಾಮಾಣಿಕವಾಗಿ ಪ್ರಯತ್ನಿಸಿರಬೇಕು. ಬೀಗ ಮುರಿಯಲು ಬೀಗದ ಒಡೆಯನನ್ನೇ ಕೇಳುವುದು ನನಗಂತೂ ವಿಚಿತ್ರವೆನಿಸುತ್ತದೆ. ಆದರೆ ಅನುಮತಿ ಸಿಗಲೇಬೇಕೆಂದು ಕಾಯ್ದೆ ಹೇಳುವುದಿಲ್ಲ, ಕೇಳಿರಬೇಕು ಅಷ್ಟೆ. ಆದ್ದರಿಂದ ಕೆಲಸ ಶುರುವಾಗುವ ಮುನ್ನವೇ ಕೃತಿಯ ಹಕ್ಕು ಹೊಂದಿರುವ ಕಂಪನಿಗೆ ಇ–ಮೇಲ್ ಬರೆದು, ದಿನಾಂಕ ಸಮೇತ ಪ್ರತಿ ಇಟ್ಟುಕೊಳ್ಳಿ. ಫಲಿತಾಂಶವನ್ನೂ ಅವರಿಗೆ ತಿಳಿಸಿ. ತಿಳಿಸಿದ್ದೀರೋ ಇಲ್ಲವೋ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಈ ವಿಷಯದಲ್ಲಿ ನಿಮಗೆ ತರಬೇತಿ ಇದೆಯೇ ಎಂಬುದನ್ನೂ.

ಬೀಗ ಮುರಿಯಲು ಬರೆದ ಪ್ರೋಗ್ರಾಮನ್ನು ಜೊತೆಗೆ ದುಡಿಯುವ ಸಂಶೋಧಕರಿಗೆ ಕೊಡಬಹುದು. ಉಡುಪಿಯ ಹಳೆಯ ಸಹಪಾಠಿ ಕುತೂಹಲಕ್ಕೆ ಕೇಳಿದನೆಂದು ಕಳುಹಿಸಿದರೆ ಆ ರಕ್ಷಣೆ ಇಲ್ಲ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ತಂಡಕ್ಕೆ ಆದದ್ದನ್ನು ನೆನಪಿಡಿ. ಸಂಗೀತೋದ್ಯಮವೇ ಏರ್ಪಡಿಸಿದ ಬೀಗ ಮುರಿಯುವ ಸ್ಪರ್ಧೆಯಲ್ಲಿ ಕಂಡುಕೊಂಡದ್ದನ್ನು ಮಂಡಿಸಲು ಹೊರಟಾಗ, 2001ರ ಏಪ್ರಿಲ್‌ನಲ್ಲಿ ಅದೇ ಉದ್ಯಮದಿಂದ ಎಚ್ಚರಿಕೆಯ ಪತ್ರ ಬಂತು. ಪ್ರಬಂಧವನ್ನು ಹಿಂತೆಗೆದುಕೊಂಡರು. ಡಿಜಿಟಲ್ ಹಕ್ಕುಗಳ ಪರ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ನೆರವಿನಿಂದ ನ್ಯಾಯಾಲಯಕ್ಕೆ ಹೋದ ಮೇಲೆ, ಆಗಸ್ಟ್‌ನಲ್ಲಿ ಅದನ್ನು ಮಂಡಿಸಲು ಸಾಧ್ಯವಾಯಿತು. ಅದೇ ವರ್ಷದ ಜುಲೈಯಲ್ಲಿ ಲಾಸ್ ವೇಗಸ್‌ಗೆ ಉಪನ್ಯಾಸಕ್ಕೆ ಬಂದಿದ್ದ ರಷ್ಯಾದ ಪ್ರೋಗ್ರಾಮರ್ ಡಿಮಿಟ್ರಿ ಸ್ಕ್ಲಿಯಾರೋವ್ ಬಂಧನಕ್ಕೊಳಗಾದರು. ಇ–ಪುಸ್ತಕದ ಬೀಗ ತೆಗೆಯುವ ತಂತ್ರಾಂಶದ ಸಂಬಂಧ ಅವರ ಕಂಪನಿಯ ಮೇಲೆ ನಡೆದ ಮೊಕದ್ದಮೆಯಲ್ಲಿ 2002ರಲ್ಲಿ ಜ್ಯೂರಿ ನಿರ್ದೋಷಿ ಎಂದಿತು.

ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರು ಮೂರು ವರ್ಷಕ್ಕೊಮ್ಮೆ ಹೆಚ್ಚುವರಿ ವಿನಾಯಿತಿಗಳನ್ನು ಕೊಡುತ್ತಾರೆ. ತಂತ್ರಾಂಶದ ದೋಷ ಹುಡುಕುವ ಭದ್ರತಾ ಸಂಶೋಧನೆಗೆ ಇಂಥ ವಿನಾಯಿತಿ 2015ರಲ್ಲಿ ಸಿಕ್ಕಿ, 2018ರಲ್ಲಿ ಹಿಗ್ಗಿತು. ಅದು ಬೀಗ ಮುರಿಯುವುದಕ್ಕೆ ಮಾತ್ರ, ಸಾಧನ ಹಂಚುವುದಕ್ಕಲ್ಲ. ವಕೀಲರ ಪತ್ರವೇನಾದರೂ ಬಂದರೆ ನೀವಾಗಿ ಉತ್ತರಿಸದೆ, ಮಾರ್ಗದರ್ಶಕರಿಗೂ ವಿಶ್ವವಿದ್ಯಾಲಯದ ಕಾನೂನು ಕಚೇರಿಗೂ ಅಂದೇ ತಲುಪಿಸಿ.