ಕಡು ಚಳಿಯಲ್ಲಿ ಸಸ್ಪೆನ್ಷನ್ ನಿರ್ವಹಣೆ: ಯಾವುದು ಸಹಜ, ಯಾವುದು ದೋಷ

ಚಕ್ರಗಳಿಗೂ ವಾಹನದ ಮೈಗೂ ನಡುವೆ ಇದ್ದು ರಸ್ತೆಯ ಕುಲುಕಾಟವನ್ನು ತಗ್ಗಿಸುವ ಜೋಡಣೆಯೇ ಸಸ್ಪೆನ್ಷನ್. ಕೊರೆಯುವ ಚಳಿಯ ಬೆಳಿಗ್ಗೆ ವಾಹನ ಹೊರಟ ಕೂಡಲೇ ಸಣ್ಣ ಉಬ್ಬುಗಳಲ್ಲೂ ಗಡುಸಾಗಿ ಕುಲುಕುವುದು, ಕೆಳಗಿನಿಂದ ಕಿರುಗುಟ್ಟುವ ಸದ್ದು ಬರುವುದು ಸಾಮಾನ್ಯ. ಸ್ಪ್ರಿಂಗಿನ ಕುಣಿತವನ್ನು ಅಡಗಿಸುವ ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ ಚಳಿಗೆ ಮಂದವಾಗಿ ಸಣ್ಣ ರಂಧ್ರಗಳಲ್ಲಿ ಸುಲಭವಾಗಿ ಹರಿಯದಿರುವುದೂ, ಲೋಹದ ಭಾಗಗಳು ಸೇರುವಲ್ಲಿ ಕೂರಿಸುವ ರಬ್ಬರ್ ಬುಷ್‌ಗಳು ಬಿರುಸಾಗುವುದೂ ಇದಕ್ಕೆ ಕಾರಣ. ಸ್ವಲ್ಪ ದೂರ ಮೆಲ್ಲಗೆ ಓಡಿಸಿದ ಮೇಲೆ ಈ ಬಿಗಿತ ಸಡಿಲವಾದರೆ ಚಿಂತಿಸಬೇಕಿಲ್ಲ. ಆಮೇಲೂ ಸದ್ದು ನಿಲ್ಲದಿದ್ದರೆ, ಅಥವಾ ವಾಹನ ಒಂದೇ ಬದಿಗೆ ಎಳೆಯುತ್ತಿದ್ದರೆ, ಚಳಿಯನ್ನು ದೂರದೆ ಪರೀಕ್ಷೆಗೆ ಇಳಿಯಬೇಕು.

ಮೊದಲು ಟೈರಿನ ಗಾಳಿ ನೋಡಿ. ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಕಾರಿನ ಟೈರಿನ ಒತ್ತಡ ಸುಮಾರು 2 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಕುಗ್ಗುತ್ತದೆ. ಹೀಗೆ ಗಾಳಿ ಇಳಿದ ಟೈರು ತಿರುವಿನಲ್ಲಿ ವಾಲುವುದನ್ನು ಸಸ್ಪೆನ್ಷನ್ ದೋಷವೆಂದು ತಿಳಿದು ಖರ್ಚು ಮಾಡುವವರು ಕಡಿಮೆಯಿಲ್ಲ. ವಾಹನ ಓಡುವ ಮುನ್ನ, ಟೈರು ತಣ್ಣಗಿರುವಾಗಲೇ ಒತ್ತಡವನ್ನು ಅಳೆಯಬೇಕು.

ಮುಂದಿನದು ಶಾಕ್ ಅಬ್ಸಾರ್ಬರ್. ಚಳಿಗೆ ಗಡುಸಾದ ಆಯಿಲ್ ಸೀಲ್ ರಾಡನ್ನು ಸರಿಯಾಗಿ ಹಿಡಿಯದೆ ಎಣ್ಣೆ ಒಸರಬಹುದು. ಹೊರಮೈ ಎಣ್ಣೆಯ ತೆಳು ಪಸೆಯಿಂದ ತುಸು ಮಸುಕಾಗಿದ್ದರೆ ಅದು ಸೋರಿಕೆಯಲ್ಲ. ಎಣ್ಣೆ ಹರಿದು ಧೂಳು ಮೆತ್ತಿಕೊಂಡಿದ್ದರೆ ಬದಲಿಸಲೇಬೇಕು, ಅದೂ ಒಂದೇ ಆಕ್ಸಲ್‌ನ (ಎಡ-ಬಲ ಚಕ್ರಗಳ ಜೋಡಿಯ) ಎರಡೂ ಬದಿಯವನ್ನು ಒಟ್ಟಿಗೆ. ಬಾನೆಟ್ಟನ್ನು ಒತ್ತಿ ಬಿಟ್ಟು ಕುಲುಕಾಟ ಎಣಿಸುವ ಹಳೆಯ ಪರೀಕ್ಷೆ ತೀರ ಕೆಟ್ಟ ಶಾಕನ್ನಷ್ಟೇ ತೋರಿಸೀತು, ಅರ್ಧ ಸವೆದದ್ದನ್ನು ಪತ್ತೆ ಮಾಡುವುದಿಲ್ಲ. ಅದಕ್ಕಿಂತ ಟೈರಿನ ಮೈಮೇಲೆ ಅಲ್ಲಲ್ಲಿ ತಗ್ಗುಬಿದ್ದ ಸವೆತ ಹೆಚ್ಚು ನಂಬಲರ್ಹ ಸೂಚನೆ.

ಬುಷ್‌ಗಳಲ್ಲಿ ಬಿರುಕು, ಬಾಲ್ ಜಾಯಿಂಟಿನ (ಚಕ್ರ ಎಲ್ಲ ಕಡೆಗೂ ಹೊರಳಲು ಬಿಡುವ ಗುಂಡು ಕೀಲಿನ) ರಬ್ಬರ್ ಹೊದಿಕೆಯಲ್ಲಿ ಹರಕು ಕಂಡರೆ ತಡಮಾಡಬಾರದು: ಹರಿದಲ್ಲಿ ಒಳಹೊಕ್ಕ ನೀರು ಗ್ರೀಸನ್ನು ತೊಳೆದು ಕೀಲಿಗೆ ತುಕ್ಕು ಹಿಡಿಸುತ್ತದೆ. ಕಿರುಗುಟ್ಟುವ ಬುಷ್‌ಗೆ ಎಂಜಿನ್ ಆಯಿಲ್ ಅಥವಾ ಸಾಮಾನ್ಯ ಗ್ರೀಸ್ ಹಚ್ಚಬೇಡಿ. ಅವು ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ. ಹಚ್ಚಲೇಬೇಕೆಂದರೆ ಸಿಲಿಕೋನ್ ಗ್ರೀಸ್ ಇದೆ.

ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಕಡೆಗಳಲ್ಲಿ ಸ್ಪ್ರಿಂಗಿಗೆ ಅಪಾಯ ಹೆಚ್ಚು. ಬಣ್ಣ ಕಿತ್ತುಹೋದ ಜಾಗದಲ್ಲಿ ತುಕ್ಕು ಬೇರೂರಿ, ಕಾಯಿಲ್ ಸ್ಪ್ರಿಂಗ್ ಹೆಚ್ಚಾಗಿ ಕೆಳತುದಿಯ ಸುತ್ತಿನಲ್ಲಿ ಮುರಿಯುತ್ತದೆ. ಅಲ್ಲಿ ಕೆಸರು ನಿಲ್ಲುವುದರಿಂದ ಮುರಿತ ಸುಲಭವಾಗಿ ಕಣ್ಣಿಗೆ ಬೀಳುವುದೂ ಇಲ್ಲ. ಆದ್ದರಿಂದ ತಳಭಾಗವನ್ನು ಆಗಾಗ ನೀರಿನಿಂದ ತೊಳೆದು, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎರಡೂ ಬದಿಯ ಎತ್ತರವನ್ನು ಹೋಲಿಸಿ ನೋಡಬೇಕು. ಚಕ್ರದ ಗೂಡಿನಲ್ಲಿ ಹೆಪ್ಪುಗಟ್ಟಿದ ಹಿಮವನ್ನೂ ಹೊರಡುವ ಮುನ್ನ ತೆಗೆಯಬೇಕು, ಇಲ್ಲವಾದರೆ ಸ್ಟಿಯರಿಂಗ್ ಪೂರ್ತಿ ತಿರುಗದು. ಏರ್ ಸಸ್ಪೆನ್ಷನ್ (ಲೋಹದ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲ) ಇರುವ ವಾಹನದಲ್ಲಿ, ಗಾಳಿಯ ತೇವ ಹೀರುವ ಡ್ರೈಯರನ್ನು ಚಳಿಗೆ ಮುನ್ನವೇ ಪರೀಕ್ಷಿಸಿಕೊಳ್ಳಿ. ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿದರೆ ವಾಹನ ಮೇಲೇಳುವುದಿಲ್ಲ.

ವಾಹನದಡಿಗೆ ಹೋಗುವಾಗ ಜ್ಯಾಕೊಂದನ್ನೇ ನಂಬದೆ ಸ್ಟ್ಯಾಂಡ್ ಇಡಬೇಕು. ಹೊಸ ರಬ್ಬರ್ ಬುಷ್ ಹಾಕಿದ ಮೇಲೆ, ವಾಹನದ ಭಾರ ಚಕ್ರಗಳ ಮೇಲೆ ಕೂತಿರುವಾಗಲೇ ಅದರ ಬೋಲ್ಟನ್ನು ಕೊನೆಯದಾಗಿ ಬಿಗಿಯಬೇಕು. ಚಕ್ರ ಜೋತಾಡುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ. ಅದಾದ ನಂತರವಷ್ಟೇ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿ.