ಘಾಟಿ ಏರುವ ಪಿಕಪ್‌ಗೆ ಫ್ಯೂಯೆಲ್ ಪಂಪ್: ಗೇಜ್ ನೋಡಿ ಆರಿಸಿದ್ದು

ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ದೋಣಿಗಲ್ ಕಡೆಗೆ ಲೋಡ್ ಹೊತ್ತು ಏರುವ ಪಿಕಪ್‌ಗೆ ಪುಲ್ಲಿಂಗ್ ಕಮ್ಮಿಯಾದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ದೊಡ್ಡ ಪಂಪ್ ಹಾಕ್ಸಿ. ಯಾವ ಪಂಪ್ ಅಂತ ಯಾರೂ ಹೇಳುವುದಿಲ್ಲ. ಡೀಸೆಲ್ ಗಾಡಿಯಲ್ಲಿ ಕೆಲಸ ಎರಡು ಭಾಗ: ಟ್ಯಾಂಕಿನಿಂದ ಡೀಸೆಲ್ ತರುವ ಫೀಡ್ ಪಂಪ್, ಅದನ್ನು ಒತ್ತಿ ಇಂಜೆಕ್ಟರ್‌ಗೆ ಕೊಡುವ ಹೈ ಪ್ರೆಷರ್ ಪಂಪ್. ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗೂ ಒಂದೇ ಹೈ ಪ್ರೆಷರ್ ನಳಿಗೆಯಿಂದ ಡೀಸೆಲ್ ಹಂಚುವ) ಪಿಕಪ್‌ಗಳಲ್ಲಿ ಎಷ್ಟೋ ಗಾಡಿಗೆ ಟ್ಯಾಂಕಿನ ಬಳಿ ಪಂಪೇ ಇರುವುದಿಲ್ಲ. ಹೈ ಪ್ರೆಷರ್ ಪಂಪಿನ ಬೆನ್ನಿಗಿರುವ ಸಣ್ಣ ಗೇರ್ ಪಂಪ್ ಅಷ್ಟು ದೂರದಿಂದ ಎಳೆದುಕೊಳ್ಳಬೇಕು. ಹಾಗಾಗಿ ಟ್ಯಾಂಕಿನಿಂದ ಇಂಜಿನ್‌ವರೆಗಿನ ಇಡೀ ಪೈಪ್ ಹೊರಗಿನ ಗಾಳಿಗಿಂತ ಕಮ್ಮಿ ಒತ್ತಡದಲ್ಲಿ, ಅಂದರೆ ವ್ಯಾಕ್ಯೂಮ್‌ನಲ್ಲಿರುತ್ತದೆ. ಜಾಯಿಂಟ್ ಸಡಿಲವಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ 1000 ಮೀಟರ್ ಎತ್ತರದಲ್ಲಿವೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಮ್ಮಿ, ಎಳೆಯುವ ಪಂಪಿಗೆ ಅಷ್ಟು ಆಸರೆ ಕಮ್ಮಿ.

ಪಂಪ್ ಕೊಳ್ಳುವ ಮುಂಚೆ ನಾನು ಅಳೆಯುವುದು ವ್ಯಾಕ್ಯೂಮ್. ಫಿಲ್ಟರ್ ಔಟ್‌ಲೆಟ್ ಮತ್ತು ಹೈ ಪ್ರೆಷರ್ ಪಂಪಿನ ನಡುವೆ ಒಂದು ಟಿ ಜಾಯಿಂಟ್ ಹಾಕಿ, ಗೇಜನ್ನು ಉದ್ದನೆ ಹೋಸ್‌ನಲ್ಲಿ ಕ್ಯಾಬಿನ್‌ಗೆ ತರುತ್ತೇನೆ. ಅದೇ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಡೀಸೆಲ್ ಹೋಸ್. ನಿಂತಲ್ಲೇ ರೇಸ್ ಕೊಟ್ಟು ನೋಡಿದ್ದು ಲೆಕ್ಕಕ್ಕಿಲ್ಲ. ಲೋಡ್ ಹಾಕಿ, ಏರಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಬೇಕು. ಕೈಮರದಿಂದ ಬಾಬಾಬುಡನ್‌ಗಿರಿ ರಸ್ತೆ ಇದಕ್ಕೆ ಒಳ್ಳೆಯದು. ವ್ಯಾಕ್ಯೂಮ್ 0.2 ಬಾರ್, ಅಂದರೆ ಸುಮಾರು 6 ಇಂಚು ಪಾದರಸ ದಾಟಿದರೆ ದಾರಿಯಲ್ಲಿ ಏನೋ ಅಡ್ಡವಿದೆ ಅಂತ ನಾನು ತೀರ್ಮಾನಿಸುತ್ತೇನೆ. ಗೇಜ್ ಸರಿಯಿದ್ದೂ ಹೋಸಿನಲ್ಲಿ ಗುಳ್ಳೆ ಓಡಿದರೆ ಎಲ್ಲೋ ಏರ್ ಹಿಡಿಯುತ್ತಿದೆ.

ಅಡ್ಡ ಎಲ್ಲಿ? ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. 'ಸ್ಸ್' ಅಂತ ಗಾಳಿ ಒಳಗೆ ನುಗ್ಗಿದರೆ ಬ್ರೀದರ್ (ಟ್ಯಾಂಕಿಗೆ ಗಾಳಿ ಬಿಡುವ ತೂತು) ಮಣ್ಣು ಕಟ್ಟಿದೆ; ಎಸ್ಟೇಟ್ ರಸ್ತೆಯ ಗಾಡಿಗಳಲ್ಲಿ ಇದು ಮಾಮೂಲು. ಆಮೇಲೆ ಟ್ಯಾಂಕಿನೊಳಗಿನ ಜಾಲರಿ. ಡ್ರಮ್ಮಿನಲ್ಲಿ ಇಟ್ಟ ಡೀಸೆಲ್ ಸುರಿಯುವ ಕಡೆ ತಳದಲ್ಲಿ ನೀರು, ಅದರ ಮೇಲೆ ಕಪ್ಪು ಲೋಳೆ ಇರುತ್ತದೆ, ಅದು ಜಾಲರಿಗೆ ಅಂಟಿಕೊಳ್ಳುತ್ತದೆ. ಏರ್ ಹಿಡಿಯುವುದು ಸಾಮಾನ್ಯವಾಗಿ, ಕೈಯಿಂದ ಒತ್ತಿ ಡೀಸೆಲ್ ತುಂಬಿಸುವ ಪ್ರೈಮರ್‌ನ ಓ-ರಿಂಗ್‌ನಲ್ಲಿ, ಅಥವಾ ಪೈಪ್ ಕೂಡಿಸುವ ಟೊಳ್ಳು ಬೋಲ್ಟಿಗೆ (ಬ್ಯಾಂಜೊ) ಹಳೇ ತಾಮ್ರದ ವಾಷರನ್ನೇ ಮತ್ತೆ ಹಾಕಿದ ಕಡೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಪುಲ್ಲಿಂಗ್ ಬರದಿದ್ದರೆ ಸ್ಕ್ಯಾನರ್ ಹಾಕಿ ರೈಲ್ ಪ್ರೆಷರ್ ನೋಡಬೇಕು. ಇಸಿಯು (ಇಂಜಿನ್ ಕಂಪ್ಯೂಟರ್) ಕೇಳಿದ್ದೆಷ್ಟು, ಬಂದದ್ದೆಷ್ಟು, ಎರಡನ್ನೂ ಒಟ್ಟಿಗೆ. ಏರಿನಲ್ಲಿ ಬಂದದ್ದು ಹಿಂದೆ ಬಿದ್ದರೆ ಇಂಜೆಕ್ಟರ್ ರಿಟರ್ನ್ ಟೆಸ್ಟ್: ನಾಲ್ಕೂ ಇಂಜೆಕ್ಟರ್‌ನ ರಿಟರ್ನ್ ನಳಿಗೆಗೆ ಒಂದೇ ಅಳತೆಯ ಬಾಟಲಿ ಕಟ್ಟಿ ಇಂಜಿನ್ ಓಡಿಸುವುದು. ಒಂದು ಬಾಟಲಿ ಮಿಕ್ಕವಕ್ಕಿಂತ ಬೇಗ ತುಂಬಿದರೆ ರೋಗ ಆ ಇಂಜೆಕ್ಟರ್‌ನದು, ಯಾವ ಫೀಡ್ ಪಂಪೂ ಅದನ್ನು ವಾಸಿ ಮಾಡದು. ರೈಲಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಸ್ಟೀಲ್ ಪೈಪ್ ಸೋರುತ್ತಿದೆಯೇ ಅಂತ ಬೆರಳಿಟ್ಟು ನೋಡಬೇಡಿ. ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಬೆರಳೇ ಹೋಗಬಹುದು. ಹಳೇ ಫಿಲ್ಟರನ್ನೂ ಕುಯ್ದು ನೋಡಿ. ಮಡಿಕೆಗಳಲ್ಲಿ ಮಿನುಗುವ ಲೋಹದ ಪುಡಿ ಕಂಡರೆ ಹೈ ಪ್ರೆಷರ್ ಪಂಪ್ ತನ್ನನ್ನು ತಾನೇ ತಿನ್ನುತ್ತಿದೆ. ಆಗ ಟ್ಯಾಂಕ್, ಲೈನ್, ರೈಲ್ ಎಲ್ಲ ತೊಳೆದು, ಇಂಜೆಕ್ಟರ್ ಟೆಸ್ಟ್ ಬೆಂಚಿಗೆ ಹಾಕಿ, ಆಮೇಲೆ ಮಿಕ್ಕ ಮಾತು.

ವ್ಯಾಕ್ಯೂಮ್ ನಿಜವಾಗಿ ಜಾಸ್ತಿಯಿದ್ದು, ಲೈನ್ ಶುಚಿಯಾಗಿದ್ದರೆ ಮಾತ್ರ ಟ್ಯಾಂಕಿನ ಬಳಿ 12 ವೋಲ್ಟ್ ಎಲೆಕ್ಟ್ರಿಕ್ ಫೀಡ್ ಪಂಪ್ ಹಾಕುವುದಕ್ಕೆ ಅರ್ಥವಿದೆ. ಎಷ್ಟು ದೊಡ್ಡದು? ಇಂಜಿನ್ 75 ಎಚ್‌ಪಿ ಅಂದುಕೊಳ್ಳಿ, ಅಂದರೆ 55 ಕಿಲೋವ್ಯಾಟ್. ಪೂರ್ತಿ ಲೋಡಿನಲ್ಲಿ ಕಿಲೋವ್ಯಾಟ್‌ಗೆ ಗಂಟೆಗೆ 240 ಗ್ರಾಂ ಡೀಸೆಲ್ ಹಿಡಿದರೆ 13 ಕೆಜಿ ಚಿಲ್ಲರೆ, ಲೀಟರ್ ಲೆಕ್ಕದಲ್ಲಿ 16. ಉರಿಯುವುದು ಅಷ್ಟೇ. ಇದರ ಮೇಲೆ ಪಂಪ್ ತಣಿಸಿ ಟ್ಯಾಂಕಿಗೆ ಮರಳುವ ರಿಟರ್ನ್ ಡೀಸೆಲ್ ಕೆಲವು ಪಟ್ಟು ಹೆಚ್ಚು. ಪೆಟ್ಟಿಗೆಯ ಮೇಲೆ ಬರೆದ ಲೀಟರ್ ಅಡೆತಡೆಯಿಲ್ಲದ ಹರಿವಿನದ್ದು, ಅರ್ಧಕ್ಕಿಳಿಸಿ ನೋಡುವುದು ನನ್ನ ರೂಢಿ. ಹಾಗೆ ನೋಡಿದರೆ ಗಂಟೆಗೆ 100ರಿಂದ 120 ಲೀಟರ್ ಎನ್ನುವ, 0.3 ಬಾರ್ ಸುತ್ತಮುತ್ತ ಒತ್ತುವ ಪಂಪ್ ಧಾರಾಳವಾಯಿತು. ಆರು ಲೀಟರ್ ಇಂಜಿನ್ನಿನ ಅಮೆರಿಕನ್ ಪಿಕಪ್‌ಗಳಿಗೆಂದು ಮಾಡಿದ ಭಾರೀ ಪಂಪ್ ಇಲ್ಲಿ ಡೀಸೆಲನ್ನು ಸುಮ್ಮನೆ ಸುತ್ತು ಹೊಡೆಸಿ ಬಿಸಿ ಮಾಡುತ್ತದೆ. ಪೆಟ್ರೋಲ್ ಇಂಜೆಕ್ಷನ್ ಪಂಪ್ ಅಗ್ಗವಾಗಿ ಸಿಕ್ಕಿತು ಅಂತ ಹಾಕುವವರಿದ್ದಾರೆ. ಅದರ ಒತ್ತಡ 3 ಬಾರ್ ಆಸುಪಾಸು, ಇನ್‌ಲೆಟ್ ಸೀಲಿಗೆ ಅದು ತಡೆಯುವ ಒತ್ತಡವಲ್ಲ.

ಅಂಗಡಿಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಕರೆಂಟ್ ಇಲ್ಲದಾಗ ಪಂಪಿನೊಳಗೆ ಡೀಸೆಲ್ ಹರಿಯುತ್ತದೆಯೇ? ಟಿಕ್ ಟಿಕ್ ಅನ್ನುವ ಸೊಲೆನಾಯ್ಡ್ ಪಂಪ್‌ಗಳಲ್ಲಿ ಸಾಮಾನ್ಯವಾಗಿ ಹರಿಯುತ್ತದೆ. ಒಳಗೆ ರೆಕ್ಕೆ ತಿರುಗುವ ವೇನ್ ಪಂಪ್ ನಿಂತರೆ ದಾರಿ ಮುಚ್ಚುತ್ತದೆ, ಅದಕ್ಕೆ ಒಂದೇ ಕಡೆಗೆ ಬಿಡುವ ಚೆಕ್ ವಾಲ್ವ್ ಇರುವ ಬೈಪಾಸ್ ಬೇಕು. ಚಾರ್ಮಾಡಿ ತಿರುವಿನಲ್ಲಿ ಮಳೆಗೆ ಫ್ಯೂಸ್ ಹೋದರೂ ಗಾಡಿ ಕೊಟ್ಟಿಗೆಹಾರದವರೆಗಾದರೂ ಮುಟ್ಟಬೇಕಲ್ಲ.

ಕೂರಿಸುವುದು ಚಾಸಿಯ ಒಳಮೈಗೆ, ಟ್ಯಾಂಕಿನ ತಳದ ಮಟ್ಟಕ್ಕೆ ಅಥವಾ ಇನ್ನೂ ಕೆಳಗೆ, ಸೈಲೆನ್ಸರ್‌ನಿಂದ ದೂರ. ಈ ಪಂಪ್‌ಗಳಿಗೆ ತಳ್ಳುವುದು ಸುಲಭ, ಎಳೆಯುವುದು ಕಷ್ಟ. ಟ್ಯಾಂಕಿಗೂ ಪಂಪಿಗೂ ನಡುವೆ ನೀರು ಬೇರ್ಪಡಿಸುವ ಬೌಲ್ ಇರುವ 100 ಮೈಕ್ರಾನ್ ಜಾಲರಿ ಫಿಲ್ಟರ್. ಕಂಪನಿಯ ಸಣ್ಣ ಮೈಕ್ರಾನ್ ಫಿಲ್ಟರ್ ಪಂಪಿನ ನಂತರವೇ ಉಳಿಯಲಿ. ಹೋಸ್ ಡೀಸೆಲ್‌ನದ್ದೇ, ಮೂಲ ಪೈಪಿಗಿಂತ ಸಣ್ಣ ಒಳ ಅಳತೆ ಬೇಡ. ಕ್ಲಿಪ್ ರಬ್ಬರ್ ಕೊಯ್ಯದ ನಯ ಅಂಚಿನದ್ದು. ಕರೆಂಟ್ ಬ್ಯಾಟರಿಯಿಂದ ನೇರ, 10 ಆಂಪಿಯರ್ ಫ್ಯೂಸ್, ರಿಲೇ, 2.5 ಚದರ ಮಿಲಿಮೀಟರ್ ತಂತಿ. ರಿಲೇಗೆ ಇಗ್ನಿಷನ್ ಒಂದೇ ಸಾಲದು, ಆಯಿಲ್ ಪ್ರೆಷರ್ ಸ್ವಿಚ್ಚಿನ ಮೂಲಕ ಬರಲಿ. ಗಾಡಿ ಮಗುಚಿ ಇಂಜಿನ್ ನಿಂತರೆ ಪಂಪೂ ನಿಲ್ಲಬೇಕು. ಸ್ಟಾರ್ಟ್ ಮಾಡುವಾಗ ಲೈನಿಗೆ ಡೀಸೆಲ್ ತುಂಬಲು (ಪ್ರೈಮ್) ಒತ್ತಿ ಹಿಡಿಯುವ ಒಂದು ಬಟನ್ ಸಾಕು. ಪಂಪ್ ಓಡುವಾಗ ಬ್ಯಾಟರಿಗೂ ಪಂಪಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅರ್ತಿಂಗ್ ಉಜ್ಜಿ.

ಬ್ಲೀಡ್ ಆಗುವ, ಅಂದರೆ ಲೈನಿನ ಗಾಳಿ ಹೊರಹೋಗುವ ಮುನ್ನ ಸೆಲ್ಫ್ ಹೊಡೆಯುತ್ತಾ ಕೂರಬೇಡಿ. ಹೈ ಪ್ರೆಷರ್ ಪಂಪಿಗೆ ಡೀಸೆಲ್ಲೇ ಆಯಿಲ್, ಒಣಗಿ ತಿರುಗಿದರೆ ಅಲ್ಲೇ ಉಜ್ಜಿಹೋಗುತ್ತದೆ. ಬಟನ್ ಒತ್ತಿ, ಫಿಲ್ಟರ್‌ನ ಬ್ಲೀಡ್ ಸ್ಕ್ರೂನಲ್ಲಿ ಗುಳ್ಳೆಯಿಲ್ಲದ ಡೀಸೆಲ್ ಬಂದಮೇಲೆ ಸ್ಟಾರ್ಟ್. ಇಷ್ಟು ದಿನ ಗಾಳಿ ಎಳೆಯುತ್ತಿದ್ದ ಜಾಯಿಂಟ್ ಈಗ ಹೊರಗೆ ಒಸರುತ್ತದೆ. ಪಂಪ್ ಕೆಟ್ಟದ್ದು ಅಂತ ಬೈಯುವ ಮುಂಚೆ ಆ ಜಾಯಿಂಟ್ ಬಿಗಿ ಮಾಡಿ. ಮತ್ತೆ ಅದೇ ಏರು, ಅದೇ ಲೋಡ್: ಗೇಜ್ ಈಗ ಪೂರ್ತಿ ಆಕ್ಸಿಲರೇಟರ್‌ನಲ್ಲೂ ಸೊನ್ನೆಯ ಮೇಲೆ, 0.1ರಿಂದ 0.3 ಬಾರ್ ನಡುವೆ ನಿಲ್ಲಬೇಕು.

ಮೆಕ್ಯಾನಿಕಲ್ ರೋಟರಿ ಪಂಪಿನ ಹಳೆಯ ಪಿಕಪ್‌ಗಳಿಗೆ ಇನ್ನಷ್ಟು ಎಚ್ಚರ ಬೇಕು. (ಕಂಪನಿಯ ಹೆಸರು 2008ರಲ್ಲೇ ಬಾಷ್ ಆದರೂ ನಮ್ಮ ಕಡೆ ಅದು ಇನ್ನೂ ಮೈಕೋ ಪಂಪೇ.) ಅದರ ಟೈಮಿಂಗ್ ಅಡ್ವಾನ್ಸ್ (ಡೀಸೆಲ್ ಚಿಮ್ಮುವ ಹೊತ್ತನ್ನು ಮುಂದಕ್ಕೆ ತರುವುದು) ನಡೆಯುವುದು ಪಂಪಿನೊಳಗಿನ ಒತ್ತಡದಿಂದ, ಹೊರಗಿನಿಂದ ಜಾಸ್ತಿ ಒತ್ತಿದರೆ ಟೈಮಿಂಗ್ ಮುಂದಕ್ಕೆ ಹೋಗಬಹುದು, 1 ಬಾರ್ ಹತ್ತಿರ ಬಂದರೆ ಶಾಫ್ಟ್ ಸೀಲ್ ಹಾರಬಹುದು. 0.3ರಲ್ಲಿ ನಿಲ್ಲಿಸಿ. ಅದರ ಫ್ಯೂಯೆಲ್ ಸ್ಕ್ರೂ ತಿರುಗಿಸಿ ಪವರ್ ತೆಗೆಯುವುದು ಬೇರೆಯದೇ ವಿಷಯ: ಗಾಳಿ ಹೆಚ್ಚದೆ ಡೀಸೆಲ್ ಹೆಚ್ಚಿದರೆ ಹೊಗೆ, ಬಿಸಿ, ಕೊನೆಗೆ ಪಿಸ್ಟನ್. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ (ಗಾಡಿಯನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ ಎನ್ನುವುದು) ಕೂಡ ಇದೆ. ಫೀಡ್ ಪಂಪ್ ಪವರ್ ಕೂಡಿಸುವುದಿಲ್ಲ, ಇಂಜಿನ್‌ಗೆ ಮೊದಲೇ ಇದ್ದ ಪವರ್ ಏರಿನಲ್ಲಿ ಕೈಕೊಡದಂತೆ ನೋಡಿಕೊಳ್ಳುತ್ತದೆ.

ಮಳೆಗಾಲದಲ್ಲಿ ಬೌಲ್‌ನ ನೀರನ್ನು ಎರಡು ವಾರಕ್ಕೊಮ್ಮೆ ಇಳಿಸಿ. ಡ್ರಮ್ಮಿನಿಂದ ತುಂಬುವವರು ಪೈಪನ್ನು ತಳಕ್ಕೆ ಮುಟ್ಟಿಸದೆ ನಾಲ್ಕು ಬೆರಳು ಮೇಲೆ ನಿಲ್ಲಿಸಿ.