ಟಿವಿಯ ಚಾಡಿ ನಿಲ್ಲಿಸಿದ್ದು

ಮನೆಯಲ್ಲಿರುವ ಯಂತ್ರಗಳಲ್ಲಿ ನಮ್ಮ ಬಗ್ಗೆ ಜಾಸ್ತಿ ಚಾಡಿ ಹೇಳುವುದು ಯಾವುದು ಅಂತ ಕೇಳಿದರೆ ಎಲ್ಲರೂ ಫೋನ್ ಕಡೆ ಕೈ ತೋರಿಸುತ್ತಾರೆ. ನಾನು ಟಿವಿ ಅನ್ನುತ್ತೇನೆ. ಫೋನಿನಲ್ಲಿ 'ಬೇಡ' ಅನ್ನುವುದು ಈಗೀಗ ಸುಲಭವಾಗಿದೆ. ಟಿವಿಯಲ್ಲಿ ಆ 'ಬೇಡ' ಎಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸ.

ಬಹುತೇಕ ಸ್ಮಾರ್ಟ್ ಟಿವಿಗಳಲ್ಲಿ ಎಸಿಆರ್ ಅಂತ ಒಂದು ಏರ್ಪಾಡು ಇರುತ್ತದೆ. ಆಟೋಮ್ಯಾಟಿಕ್ ಕಂಟೆಂಟ್ ರೆಕಗ್ನಿಷನ್. ಪರದೆಯ ಮೇಲೆ ಓಡುವ ಚಿತ್ರದಿಂದಲೋ ಶಬ್ದದಿಂದಲೋ ಟಿವಿ ಆಗಾಗ ಒಂದು ಸಣ್ಣ ಗುರುತು ತೆಗೆದುಕೊಂಡು ಸರ್ವರ್‌ಗೆ ಕಳಿಸುತ್ತದೆ. ಅಲ್ಲಿ ಅದನ್ನು ತಾಳೆ ನೋಡಿ, ಈ ಮನೆಯಲ್ಲಿ ಈಗ ಏನು ಓಡುತ್ತಿದೆ ಎಂದು ಗೊತ್ತುಮಾಡಿಕೊಳ್ಳುತ್ತಾರೆ. ಎಚ್‌ಡಿಎಂಐ ವೈರಿನಲ್ಲಿ ಬರುವ ಚಿತ್ರವನ್ನೂ ಇದು ಬಿಡುವುದಿಲ್ಲ. ಅಂದರೆ ಸೆಟ್ ಟಾಪ್ ಬಾಕ್ಸ್ ಆಗಲಿ, ಗೇಮ್ ಆಡುವ ಪೆಟ್ಟಿಗೆಯಾಗಲಿ, ಟಿವಿಗೆ ಜೋಡಿಸಿದ ಲ್ಯಾಪ್‌ಟಾಪ್ ಆಗಲಿ, ಎಲ್ಲವೂ ಅದರ ಕಣ್ಣಿಗೆ ಬೀಳುತ್ತವೆ. ಇದು ಸುಮ್ನೆ ಅನುಮಾನವಲ್ಲ. 2017ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇದೇ ವಿಷಯಕ್ಕೆ ಟಿವಿ ಮಾರುವ ವಿಜಿಯೊ ಕಂಪನಿಯ ಮೇಲೆ ಕೇಸ್ ಹಾಕಿತ್ತು. 1 ಕೋಟಿ 10 ಲಕ್ಷ ಟಿವಿಗಳಿಂದ, ಮನೆಯವರ ಒಪ್ಪಿಗೆ ಇಲ್ಲದೆ, ನೋಡಿದ್ದರ ಲೆಕ್ಕ ತೆಗೆದುಕೊಂಡಿದ್ದಾರೆ ಎಂಬುದು ಆರೋಪ. ಕಂಪನಿ 22 ಲಕ್ಷ ಡಾಲರ್ ಕೊಟ್ಟು ಕೇಸ್ ಮುಗಿಸಿಕೊಂಡಿತು.

ನಾನು ಮೊದಲು ಮಾಡಿದ ಕೆಲಸ ಟಿವಿಯನ್ನು ಫ್ಯಾಕ್ಟರಿ ರೀಸೆಟ್ ಮಾಡಿದ್ದು. ಮೊದಲ ಸಲ ಆನ್ ಮಾಡಿದಾಗ ಷರತ್ತುಗಳ ಪರದೆ ಬರುತ್ತದಲ್ಲ, ಅದನ್ನು ಸಮಾಧಾನವಾಗಿ ಇನ್ನೊಮ್ಮೆ ಓದಬೇಕಿತ್ತು. 'ಎಲ್ಲಕ್ಕೂ ಒಪ್ಪಿಗೆ' ಅನ್ನುವ ಬಟನ್ ದೊಡ್ಡದಾಗಿ, ಬಣ್ಣದಲ್ಲಿ ಮಿಂಚುತ್ತಿರುತ್ತದೆ. ಒಂದೊಂದನ್ನೇ ಆರಿಸುವ ದಾರಿ ಅದರ ಕೆಳಗೆ ಮಂಕಾಗಿ ಇರುತ್ತದೆ. ಒಂದೊಂದನ್ನೇ ತೆರೆದು ನೋಡಿದರೆ ಕಡ್ಡಾಯ ಅಂತ ಇದ್ದದ್ದು ಬಳಕೆಯ ಷರತ್ತು ಮಾತ್ರ. ನೋಡಿದ್ದರ ಮಾಹಿತಿ, ಜಾಹೀರಾತು, ಧ್ವನಿ, ಇವಕ್ಕೆಲ್ಲ ಟಿಕ್ ಹಾಕದೆಯೇ ಟಿವಿ ಮುಂದೆ ಹೋಯಿತು.

ರೀಸೆಟ್ ರಗಳೆ ಬೇಡ ಅನ್ನುವವರು ಸೆಟ್ಟಿಂಗ್ಸ್ ಒಳಗೇ ಹುಡುಕಬಹುದು. ಆದರೆ ಎಸಿಆರ್ ಅನ್ನುವ ಹೆಸರು ಅಲ್ಲಿ ಸಿಗುವುದು ಅನುಮಾನ. ಸ್ಯಾಮ್‌ಸಂಗ್‌ನಲ್ಲಿ ಅದು 'ವ್ಯೂಯಿಂಗ್ ಇನ್ಫರ್ಮೇಶನ್ ಸರ್ವಿಸಸ್'. ಎಲ್‌ಜಿಯಲ್ಲಿ 'ಲೈವ್ ಪ್ಲಸ್'. ಸೋನಿಯ ಹಲವು ಮಾಡೆಲ್‌ಗಳಲ್ಲಿ 'ಸಾಂಬಾ'. ಇಂಥ ಹೆಸರು ನೋಡಿ ಇದು ಆಫ್ ಮಾಡಬೇಕಾದ್ದು ಅಂತ ಯಾರಿಗೆ ಹೊಳೆಯುತ್ತದೆ ಹೇಳಿ? ಇದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಜಾಹೀರಾತಿನ ಆಯ್ಕೆ ಬೇರೆ ಕಡೆ ಇರುತ್ತದೆ, ಅದನ್ನೂ ಆಫ್ ಮಾಡಬೇಕು.

ಆಫ್ ಅಂತ ತೋರಿಸಿದ ಮೇಲೂ ನನಗೆ ನಂಬಿಕೆ ಬರಲಿಲ್ಲ. ಮನೆಯ ಒಂದು ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರ್‌ನಲ್ಲಿ ಪೈ-ಹೋಲ್ ಹಾಕಿದೆ. ಇದು ಉಚಿತ ಸಾಫ್ಟ್‌ವೇರ್. ಮನೆಯ ಯಾವ ಯಂತ್ರ ಯಾವ ಸರ್ವರ್‌ನ ವಿಳಾಸ ಕೇಳುತ್ತಿದೆ ಎಂದು ತೋರಿಸುತ್ತದೆ, ಬೇಡದ್ದನ್ನು ತಡೆಯುತ್ತದೆ. ಹೆಸರು ಹೇಳಿದರೆ ಸರ್ವರ್‌ನ ವಿಳಾಸ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಅಂತಾರೆ; ರೂಟರ್‌ನಲ್ಲಿ ಆ ಡಿಎನ್‌ಎಸ್ ವಿಳಾಸವನ್ನು ಇದರ ಕಡೆ ತಿರುಗಿಸಿದರೆ ಸಾಕು. ಆಯ್ಕೆಗಳನ್ನು ಆಫ್ ಮಾಡಿದ ಮೇಲೆ ಪೈ-ಹೋಲ್‌ನ ಪಟ್ಟಿಯಲ್ಲಿ ಟಿವಿಯ ಹೆಸರಿನಲ್ಲಿ ಬರುತ್ತಿದ್ದ ಸಾಲುಗಳು ಕಣ್ಣಿಗೆ ಕಾಣುವಷ್ಟು ಇಳಿದವು. ಪೂರ್ತಿ ನಿಲ್ಲಲಿಲ್ಲ. ಕೆಲವು ಯಂತ್ರಗಳು ತಮ್ಮದೇ ಡಿಎನ್‌ಎಸ್ ಬಳಸಿ ಇದನ್ನು ದಾಟಿಯೂ ಹೋಗುತ್ತವೆ. ಹಾಗಾಗಿ ಪೈ-ಹೋಲ್ ತೋರಿಸದ್ದೆಲ್ಲ ನಡೆಯುತ್ತಿಲ್ಲ ಅಂತ ಅರ್ಥವಲ್ಲ.

ತಾಳ್ಮೆ ತಪ್ಪಿಸಿದ್ದು ಅಪ್‌ಡೇಟ್. ಒಂದು ಸಂಜೆ ಟಿವಿ ಆನ್ ಮಾಡಿದರೆ ಮತ್ತೆ ಅದೇ ಷರತ್ತುಗಳ ಪರದೆ, ಅದೇ ದೊಡ್ಡ ಬಟನ್. ರಿಮೋಟ್ ಅಣ್ಣನ ಕೈಯಲ್ಲಿತ್ತು. "ಒಪ್ಪಿಗೆ ಕೊಟ್ಬಿಡ್ತೀನಿ, ಮ್ಯಾಚ್ ಶುರುವಾಗುತ್ತೆ" ಅಂದ. ಕಂಪನಿಯವರು ನೆಚ್ಚಿಕೊಂಡಿರುವುದೂ ಇದೇ ಆತುರವನ್ನು ತಾನೇ? ಮಾರನೇ ದಿನ ಟಿವಿಗೆ ಇಂಟರ್ನೆಟ್ಟೇ ಕಿತ್ತುಹಾಕಿದೆ. ವೈಫೈ ಮರೆಸುವ ಆಯ್ಕೆ ನಮ್ಮ ಟಿವಿಯಲ್ಲಿ ಕಾಣಲಿಲ್ಲ. ರೂಟರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಟಿವಿಯ ಮ್ಯಾಕ್ ವಿಳಾಸವನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು, ಬ್ಲಾಕ್ ಮಾಡಿದೆ. ಈಗ ಅದು ಬರೀ ಪರದೆ. ನೋಡುವುದೆಲ್ಲ ಲ್ಯಾಪ್‌ಟಾಪ್‌ನಿಂದ, ಎಚ್‌ಡಿಎಂಐ ಮೂಲಕ.

"ಸ್ಟ್ರೀಮಿಂಗ್ ಆ್ಯಪ್‌ಗಳಿಗೂ ನೀನು ಏನು ನೋಡ್ತೀಯ ಅಂತ ಗೊತ್ತಲ್ವಾ?" ಅಂತ ಅಣ್ಣ ಕೇಳಿದ. ಗೊತ್ತು. ಆದರೆ ಪ್ರತಿ ಆ್ಯಪ್‌ಗೆ ತನ್ನಲ್ಲಿ ನೋಡಿದ್ದು ಮಾತ್ರ ಗೊತ್ತು. ಟಿವಿಗೆ ಎಲ್ಲದರ ಲೆಕ್ಕವೂ ಒಟ್ಟಿಗೆ ಸಿಗುತ್ತಿತ್ತು. ಆ್ಯಪ್‌ಗಳನ್ನು ಓಡಿಸಲು ಟಿವಿಗೆ ಹಾಕುವ ಸ್ಟ್ರೀಮಿಂಗ್ ಸ್ಟಿಕ್ ಕೊಳ್ಳದೆ ಇದ್ದದ್ದೂ ಇದಕ್ಕೇ. ಎಷ್ಟೋ ಸ್ಟಿಕ್‌ಗಳು ಇದೇ ಚಾಳಿಯವು.

ಫೋನಿನ ಕೆಲಸ ಇದರ ಮುಂದೆ ಏನೂ ಅಲ್ಲ. ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾದರೆ ಪ್ರೈವಸಿ ಸೆಟ್ಟಿಂಗ್ಸ್‌ನ ಆ್ಯಡ್ಸ್ ಭಾಗದಲ್ಲಿ ಅಡ್ವರ್ಟೈಸಿಂಗ್ ಐಡಿಯನ್ನು, ಅಂದರೆ ಜಾಹೀರಾತಿನವರು ಫೋನನ್ನು ಗುರುತಿಸುವ ಸಂಕೇತವನ್ನು, ಅಳಿಸಿಹಾಕಬಹುದು. ಐಫೋನ್‌ನಲ್ಲಿ, 2021ರಲ್ಲಿ ಐಒಎಸ್ 14.5 ಬಂದಾಗಿನಿಂದ, ಬೇರೆ ಕಂಪನಿಗಳ ಆ್ಯಪ್ ಮತ್ತು ವೆಬ್‌ಸೈಟ್‌ಗಳಲ್ಲಿ ಹಿಂಬಾಲಿಸಲು ಆ್ಯಪ್ ನಮ್ಮನ್ನು ಕೇಳಲೇಬೇಕು. ಟ್ರ್ಯಾಕಿಂಗ್ ಆಫ್ ಮಾಡಿಟ್ಟರೆ ಕೇಳುವುದೂ ಇಲ್ಲ. ಫೋಟೋ ಕೇಳುವ ಆ್ಯಪ್‌ಗೆ ಬೇಕಾದ ಒಂದೆರಡು ಚಿತ್ರ ಮಾತ್ರ ಕೊಡುತ್ತೇನೆ. ಹವಾಮಾನ ಹೇಳುವ ಆ್ಯಪ್‌ಗೆ ನಾನಿರುವ ಜಾಗ ಅಂದಾಜಿನಲ್ಲಿ ಗೊತ್ತಾದರೆ ಸಾಕು, ನಿಖರ ಜಾಗ ಕೊಡುವ 'ಪ್ರಿಸೈಸ್' ಆಯ್ಕೆ ತೆಗೆದಿದ್ದೇನೆ.

ಹಳೆಯ ಟಿವಿಯನ್ನು ಬೇರೆಯವರಿಗೆ ಕೊಡುವವರಿಗೆ ಒಂದು ಮಾತು. ಕೊಡುವ ಮುಂಚೆ ರೀಸೆಟ್ ಮಾಡಿ. ಟಿವಿ ಆಗಲೇ ಕೈಬಿಟ್ಟು ಹೋಗಿದ್ದರೆ, ಪ್ರತಿ ಸ್ಟ್ರೀಮಿಂಗ್ ಖಾತೆಗೂ ಫೋನಿನಿಂದ ಲಾಗಿನ್ ಆಗಿ, ಸಾಧನಗಳ ಪಟ್ಟಿ ತೆರೆದು, ಆ ಟಿವಿಯನ್ನು ಅಲ್ಲಿಂದ ತೆಗೆದುಹಾಕಿ.